ರಾಣಿಯ ಗಡ್ಡ

ನಮ್ಮೂರ ದೊಡ್ಡಾಟದಲ್ಲಿ ರಾಣಿ ಪಾತ್ರ ನನ್ನ ಗಂಡನದು. ಲಕ್ಷ್ಮೇಶ್ವರದಿಂದ ಶಿರಹಟ್ಟಿಗೆ ಹೋಗುವ ಬಸ್ಸಿನಲ್ಲಿ ಗೋಣೆಪ್ಪನ ಮನೆ ಎಲ್ಲಿ ಎಂದರೆ ಯಾವ ಗೋಣೆಪ್ಪ ಎಂದು ಕೇಳುತ್ತಾರೆ. ರಾಣಿ ಗೋಣೆಪ್ಪ ಎಂದರೆ ಬಾಗಿಲ ತನಕ ಕರೆದುಕೊಂಡು ಬಂದು ಬಿಟ್ಟು ಹೋಗುತ್ತಾರೆ.

ಮದುವೆಯಾಗಿ ಬಂದ ಹೊಸತರಲ್ಲಿ ನನಗೆ ಇದರಿಂದ ಮೈ ಉರಿಯುತ್ತಿತ್ತು. ನೀರಿಗೆ ಹೋದಲ್ಲಿ ಹೆಂಗಸರು, "ಏನವಾ ಕಾವೇರಿ, ನಿಮ್ಮ ಮನ್ಯಾಗ ಸೀರಿ ಮೊದಲ ಯಾರು ಉಡ್ತೀರಿ?" ಎಂದು ಕೆಣಕುತ್ತಿದ್ದರು. ಒಬ್ಬಿಬ್ಬರ ಕೊಡ ಒದ್ದಿದ್ದೇನೆ. ಆಮೇಲೆ ಆ ವರ್ಷದ ಆಟ ನೋಡಿದೆ. ಮಗ ಯುದ್ಧದಲ್ಲಿ ಸತ್ತ ಸುದ್ದಿ ಬಂದಾಗ ರಾಣಿ ಅಳುವ ಪದವಿದೆ, ಏಳು ನುಡಿಯ, ಅಂದರೆ ಏಳು ಚರಣದ ಹಾಡು. ಬೇರೆಯವರಾದರೆ ಎದೆ ಬಡಿದುಕೊಂಡು ಹೊರಳಾಡುತ್ತಾರೆ. ಇವರು ಹಾಗಲ್ಲ. ಸುಮ್ಮನೆ ಕುಳಿತು, ನೆಲ ನೋಡುತ್ತ ಹಾಡುತ್ತಾರೆ. ಕಳೆದುಹೋದ ಏನನ್ನೋ ಮಣ್ಣಿನಲ್ಲಿ ಹುಡುಕುವವರ ಹಾಗೆ. ನನ್ನನ್ನು ಕೆಣಕಿದ ಹೆಂಗಸರೇ ಮೂಗು ಒರೆಸಿಕೊಳ್ಳುತ್ತ ಕುಳಿತಿದ್ದರು. ಅಂದಿನಿಂದ ನಾನು ಯಾರ ಕೊಡವನ್ನೂ ಒದೆಯಲಿಲ್ಲ. ಒದೆಯುವುದೇ ಇದ್ದರೆ ಬಾಯಿಂದ ಒದೆಯುತ್ತೇನೆ.

ಉಳಿದ ದಿನ ಇವರು ಊರ ಗಿರಣಿಯಲ್ಲಿ ಕೆಲಸ ಮಾಡುತ್ತಾರೆ. ಜೋಳ ಬೀಸುವುದು, ಹಂಗಾಮಿನಲ್ಲಿ ಮೆಣಸಿನಕಾಯಿ ಕುಟ್ಟುವುದು. ಗಿರಣಿಯಲ್ಲಿ ಮಾತಿಲ್ಲ, ಮನೆಯಲ್ಲೂ ಮಾತಿಲ್ಲ. ಉಣ್ಣು ಎಂದರೆ ಉಣ್ಣುತ್ತಾರೆ, ಬೈದರೆ ಬೈಸಿಕೊಳ್ಳುತ್ತಾರೆ. ವರ್ಷಕ್ಕೊಮ್ಮೆ ಸುಗ್ಗಿ ಮುಗಿದ ಮೇಲೆ ಆಟದ ತಾಲೀಮು ಶುರುವಾದಾಗ ಮಾತ್ರ ಇವರ ಒಳಗಿದ್ದ ಮನುಷ್ಯ ಎದ್ದು ಹೊರಗೆ ಬರುತ್ತಾನೆ. ಅವನನ್ನು ನೋಡಲು ನಾನೂ ವರ್ಷವಿಡೀ ಕಾಯುತ್ತಿದ್ದೆ. ಇದನ್ನು ಅವರಿಗೆ ಎಂದೂ ಹೇಳಿಲ್ಲ.

ತೊಂದರೆ ಇದ್ದದ್ದು ಗಡ್ಡದಲ್ಲಿ. ರಾಣಿಗೆ ಗಡ್ಡದ ನೆರಳೂ ಕಾಣಬಾರದು. ಅದಕ್ಕೆ ಆಟದ ದಿನ ಇವರು ಕ್ಷೌರದ ಅಂಗಡಿಗೆ ಹೋಗುವುದಿಲ್ಲ. ಬ್ಲೇಡ್ ಹಾಕಿ ತಿರುವುವ ಹಳೆಯ ರೇಜರ್ ಇದೆ, ಅದರಿಂದ ತಾವೇ ಮಾಡಿಕೊಳ್ಳುತ್ತಾರೆ. ಒಂದು ಸಲ ಕೂದಲು ಬೆಳೆದ ದಿಕ್ಕಿಗೆ, ಇನ್ನೊಂದು ಸಲ ಉಲ್ಟಾ. ಹರೆಯದಲ್ಲಿ ಅದು ನಡೆಯುತ್ತಿತ್ತು. ಈಗ ಕೂದಲು ಬೆಳ್ಳಗಾಗಿ ತಂತಿಯ ಹಾಗೆ ಬಿರುಸಾಗಿದೆ, ಚರ್ಮ ಸಡಿಲಾಗಿದೆ. ಉಲ್ಟಾ ಎಳೆದರೆ ಗದ್ದದ ತುಂಬ ರಕ್ತದ ಚುಕ್ಕಿ. ಪಟಿಕದ ಕಲ್ಲು ತಿಕ್ಕಿದರೆ ರಕ್ತ ನಿಲ್ಲುತ್ತದೆ, ಉರಿ ನಿಲ್ಲುವುದಿಲ್ಲ. ಅದರ ಮೇಲೆ ಸಫೇದ ಎಂಬ ಬಿಳಿ ಹುಡಿಯನ್ನು ಕಲಸಿ ಬಳಿಯಬೇಕು. ಅದಂತೂ ಹಸಿ ಗಾಯಕ್ಕೆ ಖಾರ ತುಂಬಿದ ಹಾಗೆ. ಕಳೆದ ವರ್ಷ ಆ ಉರಿಗೆ ಹೆದರಿ ಉಲ್ಟಾ ಎಳೆಯುವುದನ್ನು ಅರ್ಧಕ್ಕೆ ಬಿಟ್ಟರು. ದೀಪದ ಬೆಳಕಿನಲ್ಲಿ ಗದ್ದದ ಕೂದಲು ಬಣ್ಣ ತೂರಿ ಮಿನುಗಿತು. ಯಾರೋ ಅದನ್ನೇ ಫೋಟೋ ಹೊಡೆದು ಊರ ವಾಟ್ಸಾಪ್ ಗುಂಪಿಗೆ ಹಾಕಿದರು.

ಈ ವರ್ಷ ಆಟದ ಸಭೆ ಸೇರಿದಾಗ ಯಲ್ಲೇಶ ಅದೇ ಫೋಟೋ ತೆಗೆದ. ಯಲ್ಲೇಶ ಎಂದರೆ ಬಸ್ ನಿಲ್ದಾಣದ ಹತ್ತಿರ ಮೊಬೈಲ್ ಅಂಗಡಿ ಇಟ್ಟವನು, ಹುಡುಗರ ಗುಂಪಿನ ಮುಂದಾಳು.

"ಕಾಕಾನ ದನಿಗಿ ನಾ ಏನೂ ಅನ್ನೂದಿಲ್ಲ," ಎಂದ. "ಆದ್ರ ಜನ ಈಗ ಇಂಥಾದ್ದು ನೋಡೂದಿಲ್ಲ. ಗದಗಿನಿಂದ ಕಲಾವಿದೆ ಕರಸೂಣು. ಸುತ್ತಿನ ಎಲ್ಲಾ ಊರಾಗೂ ಕರಸ್ತಾರ."

ಆಟ ಕಲಿಸುವ ಮಾಸ್ತರ ವಿರೂಪಾಕ್ಷಪ್ಪನವರು ಇವರ ಪರ ನಿಂತರು. ಕೊನೆಗೆ ಮಾತಾದದ್ದು ಇಷ್ಟು: ಬರುವ ರವಿವಾರ ಹಗಲಲ್ಲಿ, ಸಮುದಾಯ ಭವನದಲ್ಲಿ, ಪೂರ್ತಿ ವೇಷ ಹಾಕಿ ಗೋಣೆಪ್ಪ ಆ ಅಳುವ ಪದ ಹಾಡಬೇಕು. ಊರು ಒಪ್ಪಿದರೆ ರಾಣಿ ಇವರೇ. ಇಲ್ಲದಿದ್ದರೆ ಗದಗಿನವಳು.

ಮನೆಗೆ ಬಂದು ಇವರು ಗೋಡೆಗೆ ಒರಗಿ ಕುಳಿತರು. ಉಣ್ಣಲಿಲ್ಲ.

"ದನಿ ಐತಿ. ಮಾರಿ ಇಲ್ಲ," ಎಂದರು.

"ಮಾರಿಗೆ ಏನಾಗೈತಿ?" ಎಂದೆ. "ಗಡ್ಡ ಒಂದು ಸರಿ ಮಾಡ್ಕೋರಿ, ಆತು. ಅದಕ್ಕ ಏನರ ಔಷಧ ಇದ್ದ ಇರತೈತಿ."

ಮರುದಿನ ಲಕ್ಷ್ಮೇಶ್ವರಕ್ಕೆ ಹೋದೆ. ಪೇಟೆಯಲ್ಲಿ ರಫೀಕನ ಫ್ಯಾನ್ಸಿ ಅಂಗಡಿ ಇದೆ. ಬಳೆ, ಪಿನ್ನು, ಗಂಡಸರ ಸೆಂಟು, ಎಲ್ಲ ಸಿಗುತ್ತದೆ. ಗಡ್ಡ ಉಲ್ಟಾ ಎಳೆದರೆ ಉರಿಯುತ್ತದೆ, ಉರಿಯದ ಹಾಗೆ ಏನಾದರೂ ಕೊಡು ಎಂದೆ. ಅವನು ಒಂದು ಡಬ್ಬಿ ತೆಗೆದಿಟ್ಟ.

"ಇದು ದಾಡಿ ಮಾಡೂದಕ್ಕಿಂತ ಮೊದಲ ಹಚ್ಚೂ ಕ್ರೀಮ್ ರೀ, ಅಕ್ಕಾರ."

"ಮೊದಲ ಒಂದು, ನಡುವ ಒಂದು, ಆಮ್ಯಾಲೆ ಒಂದು. ಗಂಡಸರ ಮಾರಿಗೆ ಇಷ್ಟೊಂದು ಬಾಣಂತನೇನು?"

ರಫೀಕ ನಕ್ಕ. "ಕೇಳ್ರಿ ಇಲ್ಲಿ. ಬಿಸಿನೀರಿಲೆ ಮಾರಿ ತೊಳಕೋಬೇಕು. ಹಸಿ ಇರೂ ಮುಂದನ ಇದನ್ನ ತಿಕ್ಕಬೇಕು. ಸ್ವಲ್ಪ ಹೊತ್ತು ಬಿಡಬೇಕು. ತೊಳೀಬಾರದು. ಅದರ ಮ್ಯಾಲ ಬ್ರಶ್ಶಿಲೆ ನೊರಿ ಎಬ್ಬಿಸಿ ರೇಜರ್ ಆಡಸ್ರಿ. ಬೆಣ್ಣ್ಯಾಗ ಚಾಕು ಆಡಿಸಿದಂಗ ಹೊಕ್ಕೈತಿ. ಯಾರಿಗ್ರಿ, ಮದಿಮಗಗೇನು?"

"ರಾಣಿಗೆ."

ಅವನಿಗೆ ತಕ್ಷಣ ಗೊತ್ತಾಯಿತು. "ಗೋಣೆಪ್ಪಣ್ಣಗೇನು! ನಮ್ಮ ಅಪ್ಪ ಸೈಕಲ್ ಹೊಡಕೊಂಡು ಬರತಿದ್ದ ನೋಡ್ರಿ ಅವರ ಆಟಕ್ಕ," ಎಂದು ಡಬ್ಬಿಯನ್ನು ಕಾಗದದಲ್ಲಿ ಸುತ್ತಿ ಕೊಟ್ಟ.

ಮನೆಯಲ್ಲಿ ಅದನ್ನು ಮೊದಲು ಹಚ್ಚಿದ್ದು ನಾನೇ. ಇವರು ಹಿತ್ತಲಲ್ಲಿ ಸಣ್ಣ ಕನ್ನಡಿ ಹಿಡಿದು ಕುಳಿತರು. ಬಿಸಿನೀರಿನಲ್ಲಿ ತೊಳೆದ ಮುಖಕ್ಕೆ ಎರಡು ಬೆರಳಿನಿಂದ ಕ್ರೀಮ್ ತಿಕ್ಕಿದೆ. ಅಷ್ಟು ವರ್ಷ ಸಂಸಾರ ಮಾಡಿದರೂ ಅವರ ಗದ್ದವನ್ನು ಹಾಗೆ ಮುಟ್ಟಿರಲಿಲ್ಲ. ಎಲುಬು ಇಷ್ಟು ಹತ್ತಿರ ಇದೆಯೇ ಅನಿಸಿತು. ಅವರು ಬ್ರಶ್ ಆಡಿಸಿ ನೊರೆ ಎಬ್ಬಿಸಿದರು. ಮೊದಲು ಕೆಳಮುಖವಾಗಿ, ಆಮೇಲೆ ಕತ್ತಿನಿಂದ ಮೇಲಕ್ಕೆ. ರೇಜರ್ ಸದ್ದಿಲ್ಲದೆ ಏರಿತು. ನಾನು ಉಸಿರು ಹಿಡಿದು ನೋಡಿದೆ. ಒಂದೇ ಒಂದು ಚುಕ್ಕಿ ರಕ್ತ ಬರಲಿಲ್ಲ.

ಮುಖ ತೊಳೆದು ಅವರು ತಮ್ಮ ಕೆನ್ನೆಯನ್ನು ಮತ್ತೆ ಮತ್ತೆ ಸವರಿಕೊಂಡರು.

"ಲೇ ಕಾವೇರಿ, ಉರಿ ಇಲ್ಲಲೇ!"

"ಚೀರಬ್ಯಾಡ್ರಿ, ಮಂದಿ ಕೇಳತಾರ," ಎಂದೆ. ಅಂದು ಗಿರಣಿಯಿಂದ ಬಂದ ಮೇಲೂ ಕೆನ್ನೆ ಸವರಿಕೊಳ್ಳುತ್ತಿದ್ದರು. ಮೆಣಸಿನಕಾಯಿ ಕುಟ್ಟಿ ಬಂದ ದಿನ ಉರಿಯದೆ ಇದ್ದದ್ದು ಅದೇ ಮೊದಲು. ರಾತ್ರಿ ಎರಡು ರೊಟ್ಟಿ ಹೆಚ್ಚು ಉಂಡರು.

ರವಿವಾರ ಬಂತು. ಸಮುದಾಯ ಭವನಕ್ಕೆ ತಗಡಿನ ಮಾಡು. ಬೇಸಿಗೆಯ ಮಧ್ಯಾಹ್ನ ಒಳಗೆ ಕಾಲಿಟ್ಟರೆ ಒಲೆಯೊಳಗೆ ಕೈ ಹಾಕಿದ ಹಾಗೆ. ಒಂದೇ ಫ್ಯಾನು, ಅದು ಹಿರಿಯರು ಕುಳಿತ ಕಡೆ. ಮೂಲೆಯಲ್ಲಿ ಹಳೆಯ ಜಮಖಾನೆ ಕಟ್ಟಿ ಮರೆ ಮಾಡಿದ್ದರು. ಅದರ ಹಿಂದೆ ಇವರು ಬಣ್ಣ ಹಚ್ಚಿಕೊಂಡರು, ನಾನು ಸೀರೆಯ ನಿರಿಗೆ ಹಿಡಿದೆ. ನಾನು ಹೋಗುವ ಹೊತ್ತಿಗೆ ಮುಖಕ್ಕೆ ಸಫೇದ ಬಳಿದಾಗಿತ್ತು. ತುಟಿ ಮತ್ತು ಹಣೆ ಮಾತ್ರ ಬಾಕಿ ಇತ್ತು. ಅಷ್ಟು ನುಣುಪಾಗಿ ಸಫೇದ ಕುಳಿತದ್ದನ್ನು ನಾನು ಎಂದೂ ನೋಡಿರಲಿಲ್ಲ. ಹರೆಯದ ಹೆಂಗಸಿನ ಮುಖ.

"ಎಣ್ಣಿ ಹಚ್ಚೀರಿಲ್ಲೋ?" ಎಂದು ಕೇಳಿದೆ. ಬಣ್ಣಕ್ಕೆ ಮುಂಚೆ ಮುಖಕ್ಕೆ ಕೊಬ್ಬರಿ ಎಣ್ಣೆ ಸವರುವುದು ಮೊದಲಿನಿಂದಲೂ ಇರುವ ರೂಢಿ. ಎಣ್ಣೆ ಇದ್ದರೆ ಬಣ್ಣ ಹಿಡಿಯುತ್ತದೆ, ಬೆವರಿಗೆ ಜಗ್ಗುವುದಿಲ್ಲ.

"ಎಣ್ಣಿ ಯಾಕ ಬೇಕು?" ಎಂದರು. "ಆ ಕ್ರೀಮನ್ನ ದಪ್ಪಗ ಹಚ್ಚೇನಿ. ಬ್ಲೇಡಿಗೇ ಉರಿ ಬರಗೊಡಲಿಲ್ಲ ಅದು, ಸಫೇದಕ್ಕ ಬರಗೊಡತೈತೇನು?"

ಮಾತು ಸರಿಯಾಗಿಯೇ ಇತ್ತು. ವಿರೂಪಾಕ್ಷಪ್ಪನವರು ಮರೆಯೊಳಗೆ ಇಣುಕಿ, "ಏನ್ ಮಾರಿ ಆಗೈತೋ ಗೋಣ್ಯಾ! ಇವತ್ತ ಆ ಹುಡುಗೂರ ಬಾಯಿ ಮುಚ್ಚಿಬಿಡು," ಎಂದು ಹೋದರು.

ಇವರು ಹೊರಗೆ ಬಂದು ಕುಳಿತಾಗ ಹೆಂಗಸರ ಕಡೆಯಿಂದ "ಅಯ್ಯ ಶಿವನ!" ಎಂಬ ಉದ್ಗಾರ ಬಂತು. ಹಾರ್ಮೋನಿಯಂ ಪೆಟ್ಟಿಗೆ ನುಡಿಸುವ ಮಹಬೂಬಸಾಬರು ಸುರ ಹಿಡಿದರು. ಪದ ಶುರುವಾಯಿತು. ಮೊದಲ ನುಡಿಗೆ ಭವನ ತಣ್ಣಗಾಯಿತು. ಎರಡನೆಯದಕ್ಕೆ ಯಲ್ಲೇಶನ ಜೊತೆಗಾರರು ಮೊಬೈಲ್ ಕೆಳಗೆ ಇಳಿಸಿದರು. ನಾನು ಅವನನ್ನೇ ನೋಡುತ್ತಿದ್ದೆ. ಅವನು ತಲೆ ತಗ್ಗಿಸಿ ಉಗುರು ಕಚ್ಚುತ್ತಿದ್ದ. ಗೆದ್ದೆವು ಅಂದುಕೊಂಡೆ.

ಮೂರನೆಯ ನುಡಿಯಲ್ಲಿ ಬೆವರು ಇಳಿಯತೊಡಗಿತು. ಎಣ್ಣೆಯಾಗಿದ್ದರೆ ಬೆವರು ಹನಿಯಾಗಿ ಜಾರಿ ಹೋಗುತ್ತಿತ್ತು. ಆದರೆ ಇದು ನೊರೆಗೆಂದೇ ಮಾಡಿದ ಕ್ರೀಮು. ಅದಕ್ಕೆ ನೀರು ಬೇಕಾಗಿತ್ತು, ಬೆವರು ಸಿಕ್ಕಿತು. ಹಾಡಲು ಬಾಯಿ ತೆರೆದು ಮುಚ್ಚಿದಂತೆಲ್ಲ ಕಿವಿಯ ಕೆಳಗೆ, ದವಡೆಯ ಗುಂಟ, ಗುಳ್ಳೆ ಗುಳ್ಳೆಯಾಗಿ ನೊರೆ ಎದ್ದಿತು. ಮೊದಲು ಸಣ್ಣ ಗೆರೆ. ಆಮೇಲೆ ಗದ್ದದಿಂದ ಒಂದು ಮುದ್ದೆ ಎದೆಯ ಮೇಲೆ ಬಿತ್ತು.

ಹಿಂದಿನಿಂದ ಯಾರೋ ಕೂಗಿದರು. "ರಾಣಿ ದಾಡಿ ಮಾಡ್ಕೊಳ್ಳಾಕತ್ತಾಳಲೇ!"

ಇಡೀ ಭವನ ನಕ್ಕಿತು. ಹಿರಿಯರೂ ನಕ್ಕರು. ಹೆಂಗಸರು ಸೆರಗು ಅಡ್ಡ ಹಿಡಿದು ನಕ್ಕರು. ತಗಡಿನ ಮಾಡು ಆ ನಗುವನ್ನು ತಿರುಗಿ ನಮ್ಮ ತಲೆಯ ಮೇಲೇ ಸುರಿಯಿತು.

ಇವರಿಗೆ ಏನಾಗಿದೆ ಎಂದು ತಿಳಿಯಲಿಲ್ಲ. ಆ ಪದಕ್ಕೆ ಯಾರಾದರೂ ನಕ್ಕದ್ದನ್ನು ಅವರು ಎಂದೂ ಕೇಳಿದವರಲ್ಲ. ಬೇರೆಲ್ಲೋ ಏನೋ ಆಗಿರಬೇಕು ಎಂಬಂತೆ ಹಾಡುತ್ತಲೇ ಹೋದರು. ನಾಲ್ಕನೆಯ ನುಡಿ ಮುಗಿಸಿದರು. ಅಷ್ಟರಲ್ಲಿ ನೊರೆ ಕಣ್ಣಿಗೆ ಇಳಿಯಿತು. ಸೆರಗಿನಿಂದ ಕಣ್ಣು ಒರೆಸಿಕೊಂಡರು. ಅದರ ಜೊತೆ ಅರ್ಧ ಮುಖದ ಬಣ್ಣವೂ ಕಿತ್ತು ಬಂತು. ಒಂದು ಕಡೆ ರಾಣಿ, ಇನ್ನೊಂದು ಕಡೆ ಗಿರಣಿಯ ಗೋಣೆಪ್ಪ. ಮತ್ತೆ ನಗು. ಮಹಬೂಬಸಾಬರು ಪೆಟ್ಟಿಗೆ ನಿಲ್ಲಿಸಿ ತಲೆ ತಗ್ಗಿಸಿದರು. ಪೆಟ್ಟಿಗೆ ಇಲ್ಲದೆಯೇ ಐದನೆಯ ನುಡಿಯ ಒಂದು ಸಾಲು ಹಾಡಿದರು ಇವರು. ಆಮೇಲೆ ನಿಲ್ಲಿಸಿದರು.

ನಾನು ಎದ್ದು ಹೋಗಿ ರಟ್ಟೆ ಹಿಡಿದು ಮರೆಯ ಹಿಂದೆ ಕರೆತಂದೆ. ಬಕೆಟ್ಟಿನಲ್ಲಿ ನೀರಿತ್ತು. ಮುಖಕ್ಕೆ ನೀರು ಹಾಕಿ ತಿಕ್ಕಿದೆ. ತಿಕ್ಕಿದಷ್ಟೂ ನೊರೆ ಎದ್ದಿತು.

"ಯಾಕ ನಕ್ರು?" ಎಂದು ಕೇಳಿದರು. ಕಣ್ಣು ಉರಿದು ತೆರೆಯಲು ಆಗುತ್ತಿರಲಿಲ್ಲ. "ನಾ ಎಲ್ಲೆರ ತಪ್ಪಿದ್ನೇನು? ಮೂರನೇ ನುಡಿ ಬಿಟ್ಟೆನೇನು?"

ಹೇಳಬೇಕಾಯಿತು. "ಹಾಡಿಗೆ ಅಲ್ಲ. ಮಾರಿ ಮ್ಯಾಲ ನೊರಿ ಬಂದಿತ್ತು," ಎಂದೆ.

ಅವರು ತಮ್ಮ ಅಂಗೈ ಮುಖಕ್ಕೆ ಒತ್ತಿ, ಒಂದು ಕಣ್ಣು ಹೇಗೋ ತೆರೆದು ಅದನ್ನು ಹತ್ತಿರ ಹಿಡಿದು ನೋಡಿಕೊಂಡರು.

ಯಲ್ಲೇಶ ಜಮಖಾನೆ ಸರಿಸಿ ಒಳಗೆ ಬಂದ. "ಕಾಕಾ, ತಪ್ಪ ತಿಳ್ಕೋಬ್ಯಾಡ್ರಿ..."

ನಾನು ಬಕೆಟ್ಟು ಎತ್ತಿ ಉಳಿದ ನೀರನ್ನು ಅವನ ಎದೆಗೆ ಎರಚಿದೆ. "ನಿಮ್ಮವ್ವ ನಿನ್ನ ಬಗಲಾಗ ಎತ್ಕೊಂಡು ಇದೇ ಪದ ಕೇಳಿ ಅತ್ತಾಳಲೇ, ಮೂಗ ಸೋರೂ ಮಂಗ್ಯಾ! ಹೋಗಿ ಕೇಳು. ಆಮ್ಯಾಲೆ ತಪ್ಪು ಯಾರದಂತ ನನಗ ಹೇಳಾಕ ಬಾ!"

ಅವನು ಒದ್ದೆ ಅಂಗಿಯಲ್ಲೇ ಹೊರಗೆ ಹೋದ. ತಿರುಗಿ ಬೈದಿದ್ದರೆ ಚೆನ್ನಾಗಿತ್ತು.

ನಾನು ವಿರೂಪಾಕ್ಷಪ್ಪನವರನ್ನು ಹಿಡಿದೆ. "ಮಾಸ್ತರ್ರ, ನಾಳೆ ಇನ್ನೊಮ್ಮೆ ಇಡ್ರಿ. ಕೊಬ್ಬರಿ ಎಣ್ಣಿ ಹಚ್ಚಿ ನಾನ ಕುಂದರಸ್ತೀನಿ. ದನಿ ಹೆಂಗಿತ್ತು ನೀವ ಕೇಳೀರಲ್ಲ."

ಅವರು ಪೇಟ ತೆಗೆದು ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದರು. ವಯಸ್ಸಾದ ಮನುಷ್ಯ, ಇವರಿಗೆ ಕುಣಿತದ ಮೊದಲ ಹೆಜ್ಜೆ ಹೇಳಿಕೊಟ್ಟವರು.

"ಎಣ್ಣಿ ಹಚ್ಚಿದ್ರ ಬಣ್ಣ ನಿಲ್ಲತೈತಿ, ಕಾವೇರವ್ವಾ," ಎಂದರು. "ನಗಿ ನಿಲ್ಲೂದಿಲ್ಲ. ಇನ್ನ ಇಂವ ಆ ಪದಕ್ಕ ಕುಂತಾನಂದ್ರ ಮಂದಿ ನೊರಿ ಯಾವಾಗ ಬರತೈತಿ ಅಂತ ಕಾಯತಾರ. ನಾನೂ ನಕ್ಕೆ ನೋಡು. ತಡಕೊಳ್ಳಾಕ ಆಗಲಿಲ್ಲ."

ನಾನು ಖಾಲಿ ಬಕೆಟ್ಟು ಅಲ್ಲೇ ಬಿಟ್ಟು ಇವರನ್ನು ಮನೆಗೆ ಕರೆದುಕೊಂಡು ಹೋದೆ.

ಗದಗಿನಿಂದ ಶಾಂಭವಿ ಬಂದಳು. ನಾನು ಅವಳನ್ನು ದ್ವೇಷಿಸಲು ಸಿದ್ಧಳಾಗಿದ್ದೆ. ಆದರೆ ಬಸ್ಸಿಳಿದು ಬಂದದ್ದು ದಣಿದ ಒಬ್ಬ ಹೆಂಗಸು. ಕಾಲು ಬಾತಿತ್ತು. ಹಿಂದಿನ ದಿನ ಮುಂಡರಗಿ ಕಡೆ ಎಲ್ಲೋ ನಾಟಕ ಮುಗಿಸಿ ಬಂದಿದ್ದಳು. ಆ ಪದ ಗೊತ್ತಿದ್ದದ್ದು ಊರಲ್ಲಿ ಇವರಿಗೆ ಮಾತ್ರ. ಮಾಸ್ತರರಿಗೂ ನಡುವಿನ ನುಡಿಗಳು ಮರೆತಿದ್ದವು. ಅವಳಿಗೆ ಕಲಿಸಿಕೊಡು ಎಂದು ಹೇಳಿ ಕಳಿಸಿದರು. ಕಲಿಸಬೇಡಿ ಎಂದು ನಾನು ಹಟ ಹಿಡಿದೆ. ತಾಟು ಎತ್ತಿ ಬಡಿದೆ. ಇವರು ಕೇಳಲಿಲ್ಲ.

"ಪದಕ್ಕೇನು ತಪ್ಪೈತಿ?" ಎಂದರು.

ನಮ್ಮ ಕಟ್ಟೆಯ ಮೇಲೆ ಕುಳಿತು ಹಾಡಿ ತೋರಿಸಿದರು. ಅದಾಗಲೇ ಗಡ್ಡ ಬಿಟ್ಟಿದ್ದರು, ಬೆಳ್ಳಗೆ, ಮುಳ್ಳು ಮುಳ್ಳಾಗಿ. ಏಳೂ ನುಡಿ ಹಾಡಿದರು. ಶಾಂಭವಿ ಕಣ್ಣು ಮುಚ್ಚಿ ಕೇಳಿದಳು.

"ಅಣ್ಣಾರ, ಸುಳ್ಳ ಹೇಳೂದಿಲ್ರಿ. ಇದನ್ನ ನನಗ ಹಿಂಗ ಹಾಡಾಕ ಬರೂದಿಲ್ಲ," ಎಂದಳು. "ಮೊದಲಿಂದೊಂದು, ಕೊನೀದೊಂದು, ಎರಡು ನುಡಿ ಹಾಡ್ತೀನಿ. ಅಷ್ಟಕ್ಕ ಮಂದಿ ಕುಂಡರತಾರ. ನಡುವಿಂದು ಬಿಡೂಣ್ರಿ."

"ನಡುವ ಮಗನ ಹೆಸರ ಬರತೈತವಾ," ಎಂದರು ಇವರು. "ಸಣ್ಣಾಂವಿದ್ದಾಗ ಹೆಂಗ ನಡೀತಿದ್ದ ಅಂತ ಅದರಾಗ ಐತಿ. ಅದು ಇಲ್ಲಂದ್ರ ಅಕಿ ಯಾರಿಗೆ ಅಳತಾಳ?"

"ಖರೆ ರೀ. ಆದ್ರ ನನಗ ಮರದಿನ ಇನ್ನೊಂದು ಊರಿಗೆ ಹೋಗೂದೈತ್ರಿ."

ಇವರು ಬಹಳ ಹೊತ್ತು ಅವಳ ಬಾತ ಕಾಲು ನೋಡುತ್ತ ಕುಳಿತರು. "ಆತವಾ," ಎಂದರು. ಆ ಎರಡನ್ನೇ ಸಂಜೆಯ ತನಕ ತಾಳ್ಮೆಯಿಂದ ಕಲಿಸಿದರು. ಎಲ್ಲಿ ಉಸಿರು ತೆಗೆದುಕೊಳ್ಳಬೇಕು, ಎಲ್ಲಿ ನೆಲ ನೋಡಬೇಕು ಎಂದು. ನಾನು ಇಬ್ಬರಿಗೂ ಚಹಾ ಕೊಟ್ಟೆ. ಇನ್ನೇನು ಮಾಡಲಿ.

ಹುಡುಗರು ಇವರಿಗೆ ಒಂದು ಪಾತ್ರ ಇಟ್ಟಿದ್ದರು. ಅರಮನೆಯ ಬಾಗಿಲು ಕಾಯುವವನದು. ಈಟಿ ಹಿಡಿದು ನಿಲ್ಲಬೇಕು, "ಯಾರಲ್ಲಿ" ಎಂದರೆ ಬಂದು ಕೈಮುಗಿಯಬೇಕು. ಒಲ್ಲೆ ಎನ್ನುತ್ತಾರೆ ಅಂದುಕೊಂಡಿದ್ದೆ. ಒಪ್ಪಿಕೊಂಡು ಬಂದರು.

"ನಾಚಿಕಿ ಬರೂದಿಲ್ಲೇನು ನಿಮಗ?" ಎಂದು ಕೂಗಾಡಿದೆ.

"ಆಟದಾಗ ಇರಬೇಕಲ್ಲ," ಎಂದರು.

ಆಟಕ್ಕೆ ನಾನು ಹೋಗಲಿಲ್ಲ. ಜ್ವರ ಬಂದಿದೆ ಎಂದು ಎಲ್ಲರಿಗೂ ಹೇಳಿ ಬಾಗಿಲು ಹಾಕಿಕೊಂಡೆ. ಇವರು ಬೆಳಗಾದ ಮೇಲೆ ಬಂದರು. ಹಣೆಯ ಮೇಲೆ ಒಂದು ಕೆಂಪು ಗೆರೆ ಬಿಟ್ಟರೆ ಮುಖಕ್ಕೆ ಏನೂ ಬಳಿದುಕೊಂಡಿರಲಿಲ್ಲ. ಚಹಾ ಇಟ್ಟೆ.

"ಹೆಂಗಾತು?"

"ಛಲೋ ಆತು. ಮಂದಿ ಭಾಳ ಸೇರಿತ್ತು. ಶಿಗ್ಲಿಯಿಂದ ಟ್ರ್ಯಾಕ್ಟರ್ ಮಾಡ್ಕೊಂಡು ಬಂದಿದ್ರು."

"ಅಕಿ?"

"ಛಲೋ ಮಾಡಿದ್ಲು. ಅಷ್ಟ ದಣಿದಾಕಿ, ಪಾಪ, ನಿಂತು ಮಾಡಿದ್ಲು."

"ಯಾರರ ಅತ್ರೇನು?"

ಅವರು ಬಟ್ಟಲಿನ ಅಂಚನ್ನು ಹೆಬ್ಬೆರಳಿನಿಂದ ಒರೆಸಿದರು. "ಎರಡ ನುಡ್ಯಾಗ ಎಲ್ಲಿ ಅಳತಾರ? ಎಲ್ಲಾರೂ ಶೂಟಿಂಗ್ ಮಾಡ್ಕೊಳ್ಳಾಕತ್ತಿದ್ರು."

"ನೀವು?"

"ಬಾಗಲಾ ಕಾಯಾಂವಗ ಅಳಾಕ ಬರೂದಿಲ್ಲಲೇ," ಎಂದರು. "ಅರಮನಿ ಕಡೆ ಬೆನ್ನ ಮಾಡಿ ನಿಂದರಬೇಕು."

ಚಹಾ ಅರ್ಧಕ್ಕೆ ಬಿಟ್ಟು ಎದ್ದರು. ಮಲಗಿ ಎಂದೆ, ಕೇಳಲಿಲ್ಲ. ಮೆಣಸಿನಕಾಯಿಯ ಹಂಗಾಮು, ಗಿರಣಿಯ ಮುಂದೆ ಬೆಳಗಿನಿಂದಲೇ ಚೀಲ ಬಂದು ಕುಳಿತಿರುತ್ತವೆ ಎಂದು ಹೇಳಿ, ಹೆಗಲ ಮೇಲಿನ ವಸ್ತ್ರವನ್ನು ಮೂಗಿಗೆ ಕಟ್ಟಿಕೊಳ್ಳುತ್ತ ಓಣಿ ದಾಟಿ ಹೋದರು.